ಮಹಿಳೆಯರ ಮುಂಜಾಗ್ರತಾ ಆರೋಗ್ಯ ತಪಾಸಣೆ

ಮಹಿಳೆಯರ ಮುಂಜಾಗ್ರತಾ ಆರೋಗ್ಯ ತಪಾಸಣೆ ಎಂದರೆ ರೋಗದ ಯಾವ ಲಕ್ಷಣವೂ ಕಾಣಿಸಿಕೊಳ್ಳದ ಮಹಿಳೆಯರನ್ನು ನಿಗದಿತ ವಯಸ್ಸಿನಲ್ಲಿ, ನಿಗದಿತ ಅವಧಿಗೊಮ್ಮೆ ಪರೀಕ್ಷಿಸಿ, ರೋಗವನ್ನು ಅಥವಾ ರೋಗದ ಪೂರ್ವಸ್ಥಿತಿಯನ್ನು ಆರಂಭದಲ್ಲಿಯೇ ಗುರುತಿಸುವ ವ್ಯವಸ್ಥೆ. ರಕ್ತಹೀನತೆ, ರಕ್ತದೊತ್ತಡ, ಮಧುಮೇಹ, ಗರ್ಭಕಂಠದ ಕ್ಯಾನ್ಸರ್, ಸ್ತನ ಕ್ಯಾನ್ಸರ್ ಮತ್ತು ಬಾಯಿಯ ಕ್ಯಾನ್ಸರ್‌ಗಳ ಪರೀಕ್ಷೆಗಳು ಇದರ ಮುಖ್ಯ ಭಾಗಗಳು. ಲಸಿಕೆ, ಗರ್ಭಿಣಿಯರ ನಿಯತ ತಪಾಸಣೆ ಮತ್ತು ಆರೋಗ್ಯ ಶಿಕ್ಷಣಗಳೂ ಮುಂಜಾಗ್ರತಾ ಆರೈಕೆಯಲ್ಲಿ ಸೇರುತ್ತವೆ.

ಭಾರತದಲ್ಲಿ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯು ಬಹುಕಾಲ ಮಹಿಳೆಯನ್ನು ತಾಯಿಯಾಗಿ ಮಾತ್ರ ಗಮನಿಸಿತು. ಬಸಿರು, ಬಾಣಂತನ, ಸಂತಾನಹರಣ ಶಸ್ತ್ರಚಿಕಿತ್ಸೆ ಮುಗಿದ ಬಳಿಕ ಆಕೆ ಆಸ್ಪತ್ರೆಯ ದಾಖಲೆಗಳಿಂದ ಬಹುಮಟ್ಟಿಗೆ ಮರೆಯಾಗುತ್ತಿದ್ದಳು. ಕ್ಯಾನ್ಸರ್, ರಕ್ತದೊತ್ತಡ ಮತ್ತು ಮಧುಮೇಹಗಳ ಅಪಾಯ ಹೆಚ್ಚುವುದು ಆ ನಂತರದ ವರ್ಷಗಳಲ್ಲಿ. ಈ ಅಂತರವನ್ನು ತುಂಬುವುದೇ 30 ವರ್ಷ ದಾಟಿದ ಮಹಿಳೆಯರ ತಪಾಸಣಾ ಕಾರ್ಯಕ್ರಮಗಳ ಮುಖ್ಯ ಉದ್ದೇಶವಾಗಿದೆ.

ಪರಿಕಲ್ಪನೆ

ತಪಾಸಣೆ ಮತ್ತು ರೋಗನಿರ್ಣಯ ಎರಡೂ ಒಂದೇ ಅಲ್ಲ. ನೋವು, ರಕ್ತಸ್ರಾವ ಅಥವಾ ಗಡ್ಡೆ ಇದೆಯೆಂದು ವೈದ್ಯರ ಬಳಿ ಹೋದಾಗ ನಡೆಯುವುದು ರೋಗನಿರ್ಣಯ. ಏನೂ ತೊಂದರೆ ಇಲ್ಲದಿರುವಾಗ ನಡೆಯುವುದು ತಪಾಸಣೆ. ತಪಾಸಣೆಯು ಜನರನ್ನು 'ಮುಂದಿನ ಪರೀಕ್ಷೆ ಬೇಕಾದವರು' ಮತ್ತು 'ಸದ್ಯಕ್ಕೆ ಬೇಡವಾದವರು' ಎಂದು ಎರಡಾಗಿ ವಿಂಗಡಿಸುತ್ತದೆ, ರೋಗವಿದೆಯೆಂದು ತೀರ್ಮಾನಿಸುವುದಿಲ್ಲ.

ಯಾವ ರೋಗಕ್ಕೆ ತಪಾಸಣೆ ನಡೆಸುವುದು ಸೂಕ್ತವೆಂಬ ತತ್ತ್ವಗಳನ್ನು 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬ ತಜ್ಞರು ನಿರೂಪಿಸಿದರು. ರೋಗವು ಸಮಾಜಕ್ಕೆ ಗಣನೀಯ ಸಮಸ್ಯೆಯಾಗಿರಬೇಕು; ಲಕ್ಷಣ ತೋರುವ ಮೊದಲೇ ಗುರುತಿಸಬಹುದಾದ ಹಂತವೊಂದು ಅದಕ್ಕಿರಬೇಕು; ಪರೀಕ್ಷೆ ಜನರಿಗೆ ಒಪ್ಪಿಗೆಯಾಗುವಂತಿರಬೇಕು; ಪತ್ತೆಯಾದವರಿಗೆ ಚಿಕಿತ್ಸೆಯ ಸೌಲಭ್ಯ ಇರಬೇಕು ಎಂಬವು ಅವುಗಳಲ್ಲಿ ಮುಖ್ಯವಾದವು. ಕೊನೆಯ ತತ್ತ್ವವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಚಿಕಿತ್ಸೆಯ ದಾರಿ ತೋರಿಸದ ತಪಾಸಣೆ ಭಯವನ್ನು ಮಾತ್ರ ಹಂಚುತ್ತದೆ.

ಯಾವ ತಪಾಸಣೆಯೂ ಪರಿಪೂರ್ಣವಲ್ಲ. ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ತಿಳಿಯಬಹುದು. 1000 ಮಹಿಳೆಯರಲ್ಲಿ 10 ಮಂದಿಗೆ ರೋಗದ ಪೂರ್ವಸ್ಥಿತಿ ಇದೆಯೆಂದೂ, ಪರೀಕ್ಷೆಯು ರೋಗವಿರುವವರಲ್ಲಿ ಶೇ. 80ರಷ್ಟು ಜನರನ್ನು ಗುರುತಿಸುತ್ತದೆಯೆಂದೂ, ರೋಗವಿಲ್ಲದವರಲ್ಲಿ ಶೇ. 90ರಷ್ಟು ಜನರಿಗೆ 'ಇಲ್ಲ' ಎಂದು ಸರಿಯಾಗಿ ಹೇಳುತ್ತದೆಯೆಂದೂ ಇಟ್ಟುಕೊಳ್ಳೋಣ. ಆಗ 10 ಮಂದಿಯಲ್ಲಿ 8 ಮಂದಿ ಪತ್ತೆಯಾಗುತ್ತಾರೆ, ಇಬ್ಬರು ತಪ್ಪಿಹೋಗುತ್ತಾರೆ. ಉಳಿದ 990 ಮಂದಿಯಲ್ಲಿ 99 ಮಂದಿಗೆ ರೋಗವಿಲ್ಲದಿದ್ದರೂ ಫಲಿತಾಂಶ 'ಪಾಸಿಟಿವ್' ಎಂದು ಬರುತ್ತದೆ. ಹೀಗೆ ಒಟ್ಟು 107 ಪಾಸಿಟಿವ್ ಫಲಿತಾಂಶಗಳಲ್ಲಿ ನಿಜವಾದವು 8 ಮಾತ್ರ. ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ: ಪಾಸಿಟಿವ್ ಬಂದ ಮಾತ್ರಕ್ಕೆ ಕ್ಯಾನ್ಸರ್ ಇದೆಯೆಂದು ಅರ್ಥವಲ್ಲ, ನೆಗೆಟಿವ್ ಬಂದವರೂ ನಿಗದಿತ ಅವಧಿಯ ನಂತರ ಮತ್ತೆ ಪರೀಕ್ಷಿಸಿಕೊಳ್ಳಬೇಕು.

ಇತಿಹಾಸ

ಗ್ರೀಸ್ ಮೂಲದ ವೈದ್ಯ ಜಾರ್ಜ್ ಪಾಪಾನಿಕೊಲಾವ್ ಅವರು ಗರ್ಭಕಂಠದಿಂದ ಉದುರುವ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕ್ಯಾನ್ಸರನ್ನು ಗುರುತಿಸಬಹುದೆಂದು 1928ರಲ್ಲಿ ಪ್ರತಿಪಾದಿಸಿದರು. 1941ರಲ್ಲಿ ಹರ್ಬರ್ಟ್ ಟ್ರೌಟ್ ಅವರೊಡನೆ ಪ್ರಕಟಿಸಿದ ಪ್ರಬಂಧದ ನಂತರ ಈ ಪರೀಕ್ಷೆಗೆ ಮನ್ನಣೆ ದೊರೆಯಿತು. ಅವರ ಹೆಸರಿನಿಂದಲೇ ಇದು 'ಪ್ಯಾಪ್ ಪರೀಕ್ಷೆ' ಎಂದು ಪ್ರಸಿದ್ಧವಾಗಿದೆ. ಗರ್ಭಕಂಠದ ಕ್ಯಾನ್ಸರ್‌ಗೆ ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ) ಕಾರಣವೆಂಬುದನ್ನು ಶೋಧಿಸಿದ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಪ್ಯಾಪ್ ಪರೀಕ್ಷೆಗೆ ಪ್ರಯೋಗಾಲಯವೂ ತರಬೇತಾದ ತಜ್ಞರೂ ಬೇಕು. ಇವು ಹಳ್ಳಿಗಳಿಗೆ ಸುಲಭವಾಗಿ ಎಟುಕಲಿಲ್ಲ. ಆದ್ದರಿಂದ ಸರಳ ವಿಧಾನಗಳ ಪರಿಣಾಮವನ್ನು ಅಳೆಯುವ ದೊಡ್ಡ ಅಧ್ಯಯನಗಳು ಭಾರತದಲ್ಲಿ ನಡೆದವು. ಅವುಗಳ ಫಲಿತಾಂಶಗಳು ಇಂದು ಜಗತ್ತಿನ ಅನೇಕ ಬಡ ದೇಶಗಳಿಗೆ ಮಾರ್ಗದರ್ಶಕವಾಗಿವೆ.

* ದಿಂಡಿಗಲ್ (ತಮಿಳುನಾಡು): 30ರಿಂದ 59 ವರ್ಷದ ಮಹಿಳೆಯರಲ್ಲಿ ಅಸಿಟಿಕ್ ಆಮ್ಲ ಹಚ್ಚಿ ನೋಡುವ ವಿಧಾನವನ್ನು ಪ್ರಯೋಗಿಸಲಾಯಿತು. ಗರ್ಭಕಂಠದ ಕ್ಯಾನ್ಸರ್‌ನಿಂದಾಗುವ ಸಾವು ಶೇ. 35ರಷ್ಟು ಕಡಿಮೆಯಾಯಿತೆಂದು 2007ರಲ್ಲಿ ವರದಿಯಾಯಿತು.
* ಉಸ್ಮಾನಾಬಾದ್ (ಮಹಾರಾಷ್ಟ್ರ, ಈಗಿನ ಧಾರಾಶಿವ್): ಸುಮಾರು 1.3 ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನ. ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಸಾವುಗಳ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು.
* ಮುಂಬಯಿ: ಕೊಳೆಗೇರಿಗಳ ಸುಮಾರು 1.5 ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನ 1998ರಲ್ಲಿ ಆರಂಭವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಪರೀಕ್ಷೆ ನಡೆಸಿದರೂ ಗರ್ಭಕಂಠದ ಕ್ಯಾನ್ಸರ್ ಸಾವು ಶೇ. 31ರಷ್ಟು ತಗ್ಗಿತು.

ಕರ್ನಾಟಕದಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಪ್ರಮುಖ ಕೇಂದ್ರವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಸ್ಥಾಪನೆಯಾಯಿತು. 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮಾನ್ಯತೆ ಪಡೆಯಿತು.

ರೋಗದ ಹೊರೆ

ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಿತು; ಸುಮಾರು 98 ಸಾವಿರ ಮಂದಿ ಅದರಿಂದ ಮೃತಪಟ್ಟರು. ಗರ್ಭಕಂಠದ ಕ್ಯಾನ್ಸರ್ ಸುಮಾರು 1.27 ಲಕ್ಷ ಮಂದಿಯಲ್ಲಿ ಹೊಸದಾಗಿ ಕಾಣಿಸಿತು. ಸುಮಾರು 80 ಸಾವಿರ ಮಂದಿ ತೀರಿಕೊಂಡರು. ಎರಡನೆಯದು ಬಹುಪಾಲು ತಡೆಯಬಹುದಾದ ರೋಗ.

ತಪಾಸಣೆಯ ಪ್ರಮಾಣ ಮಾತ್ರ ಅತ್ಯಲ್ಪ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ (ಐದನೆಯ ಸುತ್ತು) ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಜೀವನದಲ್ಲಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡವರು ಶೇ. 1.9 ಮಾತ್ರ, ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ. 0.9. ಅದೇ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರ ರಕ್ತಹೀನತೆಯ ಪ್ರಮಾಣ ಭಾರತದಲ್ಲಿ ಶೇ. 57.0, ಕರ್ನಾಟಕದಲ್ಲಿ ಶೇ. 47.8 ಎಂದು ದಾಖಲಾಗಿದೆ.

ವಯಸ್ಸಿಗೆ ತಕ್ಕ ಆರೈಕೆ

ಹದಿಹರೆಯ: ಹಿಮೋಗ್ಲೋಬಿನ್ ಪರೀಕ್ಷೆ, ವಾರಕ್ಕೊಮ್ಮೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ, ಜಂತುಹುಳು ನಿವಾರಣೆ, ಮುಟ್ಟಿನ ಕುರಿತ ಸರಿಯಾದ ತಿಳಿವಳಿಕೆ ಮತ್ತು ಎಚ್‌ಪಿವಿ ಲಸಿಕೆ ಈ ವಯಸ್ಸಿನ ಮುಖ್ಯ ಅಂಶಗಳು. ಕರ್ನಾಟಕದ 'ಶುಚಿ' ಯೋಜನೆಯಲ್ಲಿ ವಿದ್ಯಾರ್ಥಿನಿಯರಿಗೆ ಸ್ಯಾನಿಟರಿ ಪ್ಯಾಡ್‌ಗಳನ್ನು ಉಚಿತವಾಗಿ ನೀಡಲಾಗುತ್ತದೆ.

ಗರ್ಭಾವಸ್ಥೆ: ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ರಕ್ತದ ಗುಂಪು, ಮೂತ್ರ, ಎಚ್‌ಐವಿ, ಸಿಫಿಲಿಸ್ ಮತ್ತು ಹೆಪಟೈಟಿಸ್-ಬಿ ಪರೀಕ್ಷೆಗಳು ಅಗತ್ಯ. ಗರ್ಭಿಣಿಯರ ಮಧುಮೇಹವನ್ನು ಪತ್ತೆಹಚ್ಚಲು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗಳ ನಂತರ ರಕ್ತ ಪರೀಕ್ಷಿಸಲಾಗುತ್ತದೆ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದ ನಡುವೆ ಮತ್ತೊಮ್ಮೆ ಇದನ್ನು ಮಾಡಬೇಕು. ಈ ವಿವರಗಳನ್ನು 'ತಾಯಿ ಕಾರ್ಡ್'ನಲ್ಲಿ ದಾಖಲಿಸಲಾಗುತ್ತದೆ. 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. ಸ್ಕ್ಯಾನಿಂಗ್ ಮೂಲಕ ಭ್ರೂಣದ ಲಿಂಗವನ್ನು ತಿಳಿಯುವುದೂ ತಿಳಿಸುವುದೂ 1994ರ ಕಾಯ್ದೆಯಂತೆ ಅಪರಾಧ.

30 ವರ್ಷದ ನಂತರ: ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷೆ ವರ್ಷಕ್ಕೊಮ್ಮೆ, ಬಾಯಿ, ಸ್ತನ ಹಾಗೂ ಗರ್ಭಕಂಠದ ಪರೀಕ್ಷೆ ಐದು ವರ್ಷಕ್ಕೊಮ್ಮೆ. ಇದು ರಾಷ್ಟ್ರೀಯ ಕಾರ್ಯಕ್ರಮದ ನಿಯಮ.

ಋತುಬಂಧದ ನಂತರ: ಮೂಳೆ ಸವೆತ, ಹೃದ್ರೋಗ, ದೃಷ್ಟಿ ಮತ್ತು ಶ್ರವಣ ದೋಷ, ಗರ್ಭಕೋಶ ಜಾರುವಿಕೆ, ಮೂತ್ರ ತಡೆಯಲಾಗದಿರುವಿಕೆ ಇವುಗಳ ಕಡೆ ಗಮನ ಬೇಕು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿದರೆ, ಅದು ಒಂದು ಹನಿಯಾದರೂ, ವೈದ್ಯರನ್ನು ಕಾಣಲೇಬೇಕು.

ಪ್ರಮುಖ ತಪಾಸಣೆಗಳು

ರಕ್ತಹೀನತೆ

ಗರ್ಭಿಣಿಯಲ್ಲದ ವಯಸ್ಕ ಮಹಿಳೆಯ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್ ರಕ್ತದಲ್ಲಿ 12 ಗ್ರಾಂಗಿಂತಲೂ ಗರ್ಭಿಣಿಯಲ್ಲಿ 11 ಗ್ರಾಂಗಿಂತಲೂ ಕಡಿಮೆಯಿದ್ದರೆ ರಕ್ತಹೀನತೆ ಎನ್ನಲಾಗುತ್ತದೆ. ಗರ್ಭಿಣಿಯಲ್ಲಿ ಇದು 7ಕ್ಕಿಂತ ಕೆಳಗಿಳಿದರೆ ತೀವ್ರ ಸ್ಥಿತಿ; ಹೆರಿಗೆಯ ವೇಳೆ ಆಗುವ ಸ್ವಲ್ಪ ರಕ್ತಸ್ರಾವವೂ ಪ್ರಾಣಕ್ಕೆ ಎರವಾಗಬಹುದು. 2018ರಲ್ಲಿ ಆರಂಭವಾದ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮದಡಿ ಗರ್ಭಿಣಿಯರಿಗೆ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ದಿನಕ್ಕೊಂದರಂತೆ ದೊರೆಯುತ್ತದೆ. ಮಾತ್ರೆ ನುಂಗಿದ ತಕ್ಷಣ ಚಹಾ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಿಂಬೆ, ನೆಲ್ಲಿಯಂತಹ ಹುಳಿ ಹಣ್ಣುಗಳು ಅದಕ್ಕೆ ನೆರವಾಗುತ್ತವೆ. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ.

ಗರ್ಭಕಂಠದ ಕ್ಯಾನ್ಸರ್

ಗರ್ಭಕೋಶದ ಕೆಳತುದಿಯ ಕಿರಿದಾದ ಭಾಗವೇ ಗರ್ಭಕಂಠ. ಎಚ್‌ಪಿವಿ ಸೋಂಕು ಬಹು ಸಾಮಾನ್ಯ. ಹೆಚ್ಚಿನವರಲ್ಲಿ ದೇಹವೇ ಅದನ್ನು ನಿವಾರಿಸಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ಸೋಂಕು ಉಳಿದು ಜೀವಕೋಶಗಳು ನಿಧಾನವಾಗಿ ಬದಲಾಗುತ್ತವೆ. ಈ ಬದಲಾವಣೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಈ ದೀರ್ಘ ಅವಧಿಯೇ ತಪಾಸಣೆಗೆ ದೊರೆಯುವ ಅವಕಾಶ. ಸುಮಾರು ಶೇ. 70ರಷ್ಟು ಪ್ರಕರಣಗಳಿಗೆ ವೈರಸ್‌ನ 16 ಮತ್ತು 18ನೇ ಬಗೆಗಳು ಕಾರಣ. ಎಚ್‌ಐವಿ ಸೋಂಕಿತರಲ್ಲಿ ರೋಗ ಬೇಗ ಬೆಳೆಯುವುದರಿಂದ ಅವರು 25ನೇ ವಯಸ್ಸಿನಿಂದಲೇ ಪರೀಕ್ಷಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ.

ತಪಾಸಣೆಯ ವಿಧಾನಗಳು ಮೂರು.

* ಅಸಿಟಿಕ್ ಆಮ್ಲ ಹಚ್ಚಿ ನೋಡುವ ಪರೀಕ್ಷೆ: ವಿನೆಗರ್‌ನಲ್ಲಿರುವ ಆಮ್ಲದ ಶೇ. 3ರಿಂದ 5ರ ದ್ರಾವಣವನ್ನು ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾದು ನೋಡಲಾಗುತ್ತದೆ. ಬದಲಾದ ಜೀವಕೋಶಗಳಿರುವ ಭಾಗ ಬೆಳ್ಳಗಾಗಿ ಕಾಣುತ್ತದೆ. ಫಲಿತಾಂಶ ಅಲ್ಲಿಯೇ ತಿಳಿಯುತ್ತದೆ. ಮುಟ್ಟಿನ ದಿನಗಳಲ್ಲಿ ಮತ್ತು ಬಸಿರಿನಲ್ಲಿ ಇದನ್ನು ಮಾಡುವುದಿಲ್ಲ. ಋತುಬಂಧದ ನಂತರ ಬದಲಾವಣೆಯಾಗುವ ಭಾಗ ಒಳಗೆ ಸರಿಯುವುದರಿಂದ ಈ ಪರೀಕ್ಷೆ ಅಷ್ಟು ವಿಶ್ವಾಸಾರ್ಹವಲ್ಲ.
* ಪ್ಯಾಪ್ ಪರೀಕ್ಷೆ: ಜೀವಕೋಶಗಳನ್ನು ಕೆರೆದು ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ.
* ಎಚ್‌ಪಿವಿ ಡಿಎನ್‌ಎ ಪರೀಕ್ಷೆ: ವೈರಸ್ ಇದೆಯೇ ಎಂದು ನೇರವಾಗಿ ತಿಳಿಸುತ್ತದೆ. ಮಾದರಿಯನ್ನು ಮಹಿಳೆ ತಾನೇ ಸಂಗ್ರಹಿಸಿ ಕೊಡಬಹುದು. 2021ರಿಂದ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಆದ್ಯತೆ ನೀಡಿದೆ. 30 ವರ್ಷದ ನಂತರ 5ರಿಂದ 10 ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು.

ಪೂರ್ವಸ್ಥಿತಿ ಪತ್ತೆಯಾದರೆ ಆ ಭಾಗವನ್ನು ಶಾಖದಿಂದ ಸುಟ್ಟು, ಶೀತದಿಂದ ಹೆಪ್ಪುಗಟ್ಟಿಸಿ ಅಥವಾ ವಿದ್ಯುತ್ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯಲಾಗುತ್ತದೆ. ಇದಕ್ಕಾಗಿ ಗರ್ಭಕೋಶವನ್ನೇ ತೆಗೆಯಬೇಕಾಗಿಲ್ಲ.

2020ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ರೋಗದ ನಿರ್ಮೂಲನಕ್ಕೆ '90-70-90' ಗುರಿಯನ್ನು ಪ್ರಕಟಿಸಿತು. 2030ರೊಳಗೆ ಶೇ. 90ರಷ್ಟು ಹುಡುಗಿಯರಿಗೆ 15ನೇ ವಯಸ್ಸಿನೊಳಗೆ ಲಸಿಕೆ, ಶೇ. 70ರಷ್ಟು ಮಹಿಳೆಯರಿಗೆ 35 ಮತ್ತು 45ನೇ ವಯಸ್ಸಿನೊಳಗೆ ಉತ್ತಮ ಪರೀಕ್ಷೆ, ಪತ್ತೆಯಾದವರಲ್ಲಿ ಶೇ. 90ರಷ್ಟು ಮಂದಿಗೆ ಚಿಕಿತ್ಸೆ ದೊರೆಯಬೇಕೆಂಬುದು ಅದರ ಅರ್ಥ. ಭಾರತದಲ್ಲೇ ತಯಾರಾದ 'ಸರ್ವಾವ್ಯಾಕ್' ಲಸಿಕೆ 2023ರಲ್ಲಿ ಬಳಕೆಗೆ ಬಂತು. ಲಸಿಕೆ ಪಡೆದವರೂ ಮುಂದೆ ತಪಾಸಣೆ ಮಾಡಿಸಿಕೊಳ್ಳಬೇಕು.

ಸ್ತನ ಕ್ಯಾನ್ಸರ್

ರಾಷ್ಟ್ರೀಯ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ ಕೈಯಿಂದ ಮುಟ್ಟಿ ಸ್ತನ ಮತ್ತು ಕಂಕುಳನ್ನು ಪರೀಕ್ಷಿಸುತ್ತಾರೆ. ಮೇಲೆ ಹೇಳಿದ ಮುಂಬಯಿ ಅಧ್ಯಯನದ 2021ರ ವರದಿಯಂತೆ ಇದರಿಂದ 50 ವರ್ಷ ಮೀರಿದ ಮಹಿಳೆಯರಲ್ಲಿ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು, ಅದಕ್ಕಿಂತ ಚಿಕ್ಕವರಲ್ಲಿ ಅಂತಹ ಲಾಭ ಕಾಣಲಿಲ್ಲ. ಮ್ಯಾಮೋಗ್ರಫಿ ಎಂಬ ಎಕ್ಸ್-ರೇ ಪರೀಕ್ಷೆ ಶ್ರೀಮಂತ ದೇಶಗಳಲ್ಲಿ ವ್ಯಾಪಕವಾಗಿದೆ. ಕಿರಿಯ ವಯಸ್ಸಿನ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಅವರಲ್ಲಿ ಇದರ ನಿಖರತೆ ಕಡಿಮೆ. ತನ್ನ ಸ್ತನದ ಸಹಜ ಸ್ವರೂಪವನ್ನು ತಾನೇ ಅರಿತಿದ್ದು, ಬದಲಾವಣೆ ಕಂಡೊಡನೆ ತೋರಿಸುವುದು ಎಲ್ಲ ವಯಸ್ಸಿನವರಿಗೂ ಉಪಯುಕ್ತ. ಆರಂಭದ ಗಡ್ಡೆಗೆ ಸಾಮಾನ್ಯವಾಗಿ ನೋವಿರುವುದಿಲ್ಲ. 'ನೋವಿಲ್ಲ, ಆದ್ದರಿಂದ ಚಿಂತೆಯಿಲ್ಲ' ಎಂಬ ಭಾವನೆಯೇ ತಡವಾಗಲು ಒಂದು ಕಾರಣ.

ಬಾಯಿಯ ಕ್ಯಾನ್ಸರ್

ಎಲೆ-ಅಡಿಕೆಯೊಂದಿಗೆ ತಂಬಾಕು, ಕಡ್ಡಿಪುಡಿ ಹಾಕುವ ಅಭ್ಯಾಸ ಉತ್ತರ ಕರ್ನಾಟಕದ ಮಹಿಳೆಯರಲ್ಲಿಯೂ ಇದೆ. ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರ ಕಳೆದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಎಚ್ಚರಿಕೆಯ ಚಿಹ್ನೆಗಳು. ಟಾರ್ಚ್ ಬೆಳಕಿನಲ್ಲಿ ನೋಡಿ ಇವನ್ನು ಗುರುತಿಸಬಹುದು. ಕರ್ನಾಟಕದಲ್ಲಿ ಗುಟ್ಕಾ ಮಾರಾಟವನ್ನು 2013ರಲ್ಲಿ ನಿಷೇಧಿಸಲಾಗಿದೆ.

ರಕ್ತದೊತ್ತಡ ಮತ್ತು ಮಧುಮೇಹ

ಆಡುಮಾತಿನಲ್ಲಿ 'ಬಿಪಿ', 'ಶುಗರ್' ಎನಿಸಿಕೊಂಡ ಇವೆರಡೂ ಬಹುಕಾಲ ಸದ್ದಿಲ್ಲದೆ ಇರುತ್ತವೆ. ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಬೆರಳಿನಿಂದ ತೆಗೆದ ರಕ್ತದಲ್ಲಿ ಸಕ್ಕರೆ 140 ಮಿಲಿಗ್ರಾಂ ಮೀರಿದ್ದರೆ ವೈದ್ಯರ ಬಳಿ ಕಳುಹಿಸಲಾಗುತ್ತದೆ. ಮಹಿಳೆಯರಲ್ಲಿ ಸೊಂಟದ ಸುತ್ತಳತೆ 80 ಸೆಂ.ಮೀ. ಮೀರುವುದು ಅಪಾಯದ ಸೂಚನೆ. ಗರ್ಭಿಣಿಯಾಗಿದ್ದಾಗ ಸಕ್ಕರೆ ಹೆಚ್ಚಿದ್ದವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಹೆಚ್ಚು. ಹೆರಿಗೆಯ ನಂತರವೂ ಅವರು ಪರೀಕ್ಷೆ ಬಿಡಬಾರದು.

ಮಾನಸಿಕ ಆರೋಗ್ಯ

ಬಾಣಂತಿಯರಲ್ಲಿ ಕಾಣುವ ಖಿನ್ನತೆಯನ್ನು ಸೋಮಾರಿತನವೆಂದೋ ಗಾಳಿಸೋಂಕೆಂದೋ ತಪ್ಪು ತಿಳಿಯುವುದುಂಟು. ನಿದ್ರಾಹೀನತೆ, ನಿರಾಸಕ್ತಿ, ಮಗುವಿನ ಮೇಲೆ ಅಕ್ಕರೆ ಮೂಡದಿರುವುದು ಎರಡು ವಾರ ಮೀರಿ ಮುಂದುವರಿದರೆ ನೆರವು ಪಡೆಯಬೇಕು. 2022ರಲ್ಲಿ ಆರಂಭವಾದ 'ಟೆಲಿ-ಮಾನಸ್' ಸಹಾಯವಾಣಿಗೆ (14416) ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಸರ್ಕಾರಿ ಕಾರ್ಯಕ್ರಮಗಳು

ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಅದರ ವಿಸ್ತರಣೆಯಾಗಿ 30 ವರ್ಷ ಮೀರಿದ ಎಲ್ಲರನ್ನೂ ತಪಾಸಣೆಗೆ ಒಳಪಡಿಸುವ ವ್ಯವಸ್ಥೆ ಬಂದಿತು. ಆಶಾ ಕಾರ್ಯಕರ್ತೆ ಮನೆಗೆ ಬಂದು ವಯಸ್ಸು, ಸೊಂಟದ ಸುತ್ತಳತೆ, ತಂಬಾಕು ಸೇವನೆ, ಕುಟುಂಬದ ರೋಗ ಇತಿಹಾಸ ಮುಂತಾದ ಪ್ರಶ್ನೆಗಳಿರುವ ನಮೂನೆಯನ್ನು ತುಂಬುತ್ತಾರೆ. ಅಂಕ ನಾಲ್ಕಕ್ಕಿಂತ ಹೆಚ್ಚಿದ್ದವರನ್ನು ಆದ್ಯತೆಯ ಮೇಲೆ ಪರೀಕ್ಷೆಗೆ ಕರೆತರಲಾಗುತ್ತದೆ. ಪರೀಕ್ಷೆ ನಡೆಯುವುದು ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ. ಇವುಗಳಿಗೆ ಈಗ 'ಆಯುಷ್ಮಾನ್ ಆರೋಗ್ಯ ಮಂದಿರ' ಎಂಬ ಹೆಸರಿದೆ.

ಕರ್ನಾಟಕ ಸರ್ಕಾರವು ಮನೆಬಾಗಿಲಿಗೇ ತಪಾಸಣೆ ಒಯ್ಯುವ 'ಗೃಹ ಆರೋಗ್ಯ' ಯೋಜನೆಯನ್ನು 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿ, 2025ರಲ್ಲಿ ರಾಜ್ಯದ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಗಣಿಬಾಧಿತ ತಾಲ್ಲೂಕುಗಳು ಮತ್ತು ಕಲ್ಯಾಣ ಕರ್ನಾಟಕದ ಹಿಂದುಳಿದ ತಾಲ್ಲೂಕುಗಳಲ್ಲಿ 14 ವರ್ಷದ ಹೆಣ್ಣುಮಕ್ಕಳಿಗೆ ಉಚಿತವಾಗಿ ಎಚ್‌ಪಿವಿ ಲಸಿಕೆ ನೀಡುವ ಕಾರ್ಯಕ್ರಮವನ್ನೂ ರಾಜ್ಯ ಸರ್ಕಾರ 2025ರಲ್ಲಿ ಪ್ರಕಟಿಸಿತು. ಪತ್ತೆಯಾದ ರೋಗದ ಚಿಕಿತ್ಸೆಗೆ 2018ರಿಂದ ಜಾರಿಯಲ್ಲಿರುವ 'ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ' ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವು ಇದೆ. ಆರೋಗ್ಯ ಸಲಹೆಗೆ ರಾಜ್ಯದ 104 ಸಹಾಯವಾಣಿಯನ್ನು ಸಂಪರ್ಕಿಸಬಹುದು.

ತೋರಣಗಲ್ಲು ಪರಿಸರ

ತಪಾಸಣಾ ಕಾರ್ಯಕ್ರಮವೊಂದು ನೆಲದ ಮೇಲೆ ಎದುರಿಸುವ ಪ್ರಶ್ನೆಗಳಿಗೆ ತೋರಣಗಲ್ಲು, ಸಂಡೂರು, ಕಂಪ್ಲಿ, ಹೊಸಪೇಟೆ, ಹಂಪಿ ಪರಿಸರವು ಉತ್ತಮ ನಿದರ್ಶನ. ತೋರಣಗಲ್ಲು ಬಳ್ಳಾರಿ ಮತ್ತು ಹೊಸಪೇಟೆಗಳ ನಡುವೆ, ಸಂಡೂರು ತಾಲ್ಲೂಕಿನಲ್ಲಿರುವ ಕೈಗಾರಿಕಾ ಪಟ್ಟಣ. ಇಲ್ಲಿನ ಉಕ್ಕಿನ ಕಾರ್ಖಾನೆಯಿಂದಾಗಿ ನಾಡಿನ ನಾನಾ ಭಾಗಗಳಿಂದ ಮತ್ತು ಹೊರರಾಜ್ಯಗಳಿಂದ ಕಾರ್ಮಿಕ ಕುಟುಂಬಗಳು ಬಂದು ನೆಲೆಸಿವೆ. ಸಂಡೂರು ಗಣಿಗಾರಿಕೆಯ ತಾಲ್ಲೂಕು. ಲಂಬಾಣಿ ತಾಂಡಾಗಳೂ ಇಲ್ಲಿವೆ. ಕಂಪ್ಲಿ ಮತ್ತು ಹೊಸಪೇಟೆಯ ಸುತ್ತ ತುಂಗಭದ್ರಾ ಕಾಲುವೆ ನೀರಿನ ಭತ್ತ, ಕಬ್ಬು, ಬಾಳೆಯ ಕೃಷಿ ಇದೆ.

ಈ ಊರುಗಳು ಹತ್ತಿರ ಹತ್ತಿರವಿದ್ದರೂ ಆಡಳಿತ ಬೇರೆ. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಿದಾಗ ಹೊಸಪೇಟೆ ಮತ್ತು ಹಂಪಿ ಹೊಸ ಜಿಲ್ಲೆಗೆ ಸೇರಿದವು; ಸಂಡೂರು, ಕಂಪ್ಲಿ ಮತ್ತು ತೋರಣಗಲ್ಲು ಬಳ್ಳಾರಿಯಲ್ಲೇ ಉಳಿದವು. ಹೀಗಾಗಿ ತೋರಣಗಲ್ಲಿನ ಮಹಿಳೆಯ ದಾಖಲೆ ಒಂದು ಜಿಲ್ಲೆಯಲ್ಲೂ, ಆಕೆಗೆ ಅನುಕೂಲವಾದ ಆಸ್ಪತ್ರೆ ಇನ್ನೊಂದು ಜಿಲ್ಲೆಯಲ್ಲೂ ಇರಬಹುದು. ಪ್ರದೇಶದ ದೊಡ್ಡ ಸರ್ಕಾರಿ ಆಸ್ಪತ್ರೆಯೆಂದರೆ ಬಳ್ಳಾರಿಯ ವೈದ್ಯಕೀಯ ಕಾಲೇಜಿನದು. 1961ರಲ್ಲಿ ಆರಂಭವಾದ ಈ ಕಾಲೇಜು 'ವಿಮ್ಸ್' ಎಂಬ ಹೆಸರಿನಿಂದ ಜನಜನಿತ. ತೋರಣಗಲ್ಲಿನಲ್ಲಿ ಖಾಸಗಿಯಾದ ಜಿಂದಾಲ್ ಸಂಜೀವಿನಿ ಆಸ್ಪತ್ರೆ ಇದೆ. ಕಿದ್ವಾಯಿ ಸಂಸ್ಥೆಗೆ ಹೋಗಬೇಕಾದರೆ ಬೆಂಗಳೂರು ಸುಮಾರು 300 ಕಿ.ಮೀ. ದೂರ.

ದಿನಗೂಲಿಯ ಮಹಿಳೆಗೆ ಪರೀಕ್ಷೆ ಉಚಿತವಾದರೂ ಆ ದಿನದ ಕೂಲಿ ಹೋಗುತ್ತದೆ. ಭತ್ತದ ನಾಟಿಯ ಸಮಯದಲ್ಲಿ ಶಿಬಿರ ಇಟ್ಟರೆ ಬರುವವರು ಕಡಿಮೆ. ಗುತ್ತಿಗೆ ಮುಗಿದು ಊರು ಬಿಟ್ಟ ಕುಟುಂಬಕ್ಕೆ ಎರಡನೆಯ ಭೇಟಿಯ ಕರೆ ತಲುಪುವುದಿಲ್ಲ. ಪರೀಕ್ಷೆಯ ಚೀಟಿಯನ್ನು ತಾಯಿ ಕಾರ್ಡಿನಂತೆ ಜೋಪಾನವಾಗಿ ಇಟ್ಟುಕೊಂಡರೆ ಯಾವ ಜಿಲ್ಲೆಯ ಆಸ್ಪತ್ರೆಯಲ್ಲಾದರೂ ಚಿಕಿತ್ಸೆ ಮುಂದುವರಿಸಲು ಅನುಕೂಲ. ಫಲಿತಾಂಶ ತಕ್ಷಣ ತಿಳಿಯುವ ಪರೀಕ್ಷೆ ಮತ್ತು ಅದೇ ದಿನ ಚಿಕಿತ್ಸೆ ಎಂಬ ಕ್ರಮ ಇಂತಹ ಪ್ರದೇಶಗಳಿಗೆ ಹೆಚ್ಚು ಹೊಂದುತ್ತದೆ.

ಅಡೆತಡೆಗಳು

ಲಜ್ಜೆ, ಮಹಿಳಾ ವೈದ್ಯರ ಕೊರತೆ, ಪ್ರಯಾಣ, ಕೂಲಿನಷ್ಟ ಮತ್ತು 'ಏನಾದರೂ ಬಂದುಬಿಟ್ಟರೆ' ಎಂಬ ಭಯ ಸಾಮಾನ್ಯ ಅಡೆತಡೆಗಳು. ಸಂತಾನಹರಣ ಶಸ್ತ್ರಚಿಕಿತ್ಸೆ ಆದವರಿಗೆ ಗರ್ಭಕೋಶದ ಪರೀಕ್ಷೆ ಬೇಡವೆಂಬ ತಪ್ಪು ತಿಳಿವಳಿಕೆಯೂ ಇದೆ. ಆ ಶಸ್ತ್ರಚಿಕಿತ್ಸೆಯಲ್ಲಿ ನಾಳಗಳನ್ನು ಮಾತ್ರ ಮುಚ್ಚಲಾಗುತ್ತದೆ. ಗರ್ಭಕಂಠ ಹಾಗೆಯೇ ಇರುತ್ತದೆ, ಅಪಾಯವೂ ಹಾಗೆಯೇ ಇರುತ್ತದೆ. ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗಿರುವುದರಿಂದ ಈ ತಪ್ಪು ತಿಳಿವಳಿಕೆಯ ಪರಿಣಾಮ ಸಣ್ಣದಲ್ಲ.

ತಪಾಸಣೆ ಇಲ್ಲದ ಕಡೆ ಭಯಕ್ಕೆ ಬೆಲೆ ಬರುತ್ತದೆ. ಬಿಳಿ ಸೆರಗು, ಬೆನ್ನುನೋವಿನಂತಹ ತೊಂದರೆಗಳಿಗೆ 'ಕ್ಯಾನ್ಸರ್ ಆಗಬಹುದು' ಎಂದು ಹೆದರಿಸಿ ಗರ್ಭಕೋಶ ತೆಗೆದ ಪ್ರಕರಣಗಳು ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ 2015ರ ಸುಮಾರಿಗೆ ಬೆಳಕಿಗೆ ಬಂದವು. ಹಲವರು ಇನ್ನೂ ಚಿಕ್ಕ ವಯಸ್ಸಿನವರಾಗಿದ್ದರು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಸೂಚಿಸಿತು. ಸರಳ ಪರೀಕ್ಷೆಯೊಂದು ರೋಗವನ್ನು ಪತ್ತೆಹಚ್ಚುವುದರ ಜೊತೆಗೆ ರೋಗವಿಲ್ಲವೆಂಬುದನ್ನೂ ತಿಳಿಸಿ, ಇಂತಹ ಅನಾಹುತದಿಂದ ಮಹಿಳೆಯನ್ನು ಕಾಪಾಡಬಲ್ಲದು. ಗರ್ಭಕೋಶ ತೆಗೆಯಲು ಸಲಹೆ ಬಂದಾಗ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು.

ತಪಾಸಣೆಗೆ ಕಾಯದೆ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

* ಮುಟ್ಟಿನ ನಡುವೆ, ಸಂಭೋಗದ ನಂತರ ಅಥವಾ ಋತುಬಂಧದ ನಂತರ ರಕ್ತಸ್ರಾವ
* ದುರ್ವಾಸನೆಯ ಅಥವಾ ರಕ್ತ ಬೆರೆತ ಬಿಳಿ ಸೆರಗು
* ಸ್ತನ ಅಥವಾ ಕಂಕುಳಲ್ಲಿ ಗಡ್ಡೆ, ಚರ್ಮ ಕುಳಿಬೀಳುವುದು, ತೊಟ್ಟು ಒಳಸರಿಯುವುದು, ತೊಟ್ಟಿನಿಂದ ರಕ್ತ ಬರುವುದು
* ಬಾಯಲ್ಲಿ ಮಾಯದ ಹುಣ್ಣು, ನುಂಗಲು ಕಷ್ಟ
* ಕಾರಣವಿಲ್ಲದೆ ತೂಕ ಇಳಿಯುವುದು, ಹೊಟ್ಟೆ ಉಬ್ಬರ ವಾರಗಟ್ಟಲೆ ಮುಂದುವರಿಯುವುದು
* ಗರ್ಭಿಣಿಯಲ್ಲಿ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊದುವುದು, ರಕ್ತಸ್ರಾವ (ತಕ್ಷಣ 108ಕ್ಕೆ ಕರೆಮಾಡಬೇಕು)

ಇಂತಹ ಲಕ್ಷಣ ಇರುವವರ ಹಿಂದಿನ ತಪಾಸಣೆ ನೆಗೆಟಿವ್ ಆಗಿದ್ದರೂ ಮತ್ತೆ ಪರೀಕ್ಷೆ ಅಗತ್ಯ.

ಕನ್ನಡದಲ್ಲಿ ಸ್ತ್ರೀ ಆರೋಗ್ಯ ಸಾಹಿತ್ಯ

ಮಹಿಳೆಯರ ಆರೋಗ್ಯದ ಬಗ್ಗೆ ಸಂಕೋಚವಿಲ್ಲದೆ, ತಿಳಿಗನ್ನಡದಲ್ಲಿ ಬರೆದವರಲ್ಲಿ ವೈದ್ಯೆ ಹಾಗೂ ಕಾದಂಬರಿಕಾರ್ತಿ ಡಾ. ಅನುಪಮಾ ನಿರಂಜನ (1934–1991) ಪ್ರಮುಖರು. ಅವರ 'ತಾಯಿ-ಮಗು', 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ' ಕೃತಿಗಳು ಹಲವು ಮುದ್ರಣಗಳನ್ನು ಕಂಡು ಮನೆಮನೆಗೆ ತಲುಪಿದವು. ಅವರು ಸ್ವತಃ ಕ್ಯಾನ್ಸರ್‌ನೊಂದಿಗೆ ಹೋರಾಡಿ ನಿಧನರಾದರು. ವೈದ್ಯ ಲೇಖಕಿಯರಾದ ಡಾ. ಎಚ್. ಗಿರಿಜಮ್ಮ ಮತ್ತು ಡಾ. ವಸುಂಧರಾ ಭೂಪತಿ ಈ ಪರಂಪರೆಯನ್ನು ಮುಂದುವರಿಸಿದರು. ಹೇಳಲು ನಾಚುವ ತೊಂದರೆಗಳಿಗೆ ಕನ್ನಡದಲ್ಲಿ ಮಾತು ಒದಗಿಸಿದ್ದು ಈ ಬರವಣಿಗೆಯ ಕೊಡುಗೆ. ಆಶಾ ಕಾರ್ಯಕರ್ತೆ ಇಂದು ಮನೆಬಾಗಿಲಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರಿಸಲು ಮಹಿಳೆಗೆ ಬೇಕಾಗಿರುವುದೂ ಅಂತಹ ಮಾತುಗಳೇ.

ಇವನ್ನೂ ನೋಡಿ

* ಗರ್ಭಕಂಠದ ಕ್ಯಾನ್ಸರ್
* ಸ್ತನ ಕ್ಯಾನ್ಸರ್
* ರಕ್ತಹೀನತೆ
* ಆಶಾ ಕಾರ್ಯಕರ್ತೆ
* ಸಂಡೂರು
* ಅನುಪಮಾ ನಿರಂಜನ